ಗೇಟಿನ ಕೀಲಿ ಮತ್ತು ತಟ್ಟೆ ತೊಳೆದ ನೀರು

(ಶಾಲೆಗಳಲ್ಲಿ ಗಿಡ ಬೆಳೆಸಲು ಮುಂದೆ ಬಂದ ಯುವಕ ಸಂಘ, ಮಹಿಳಾ ಸಂಘಗಳ ಸ್ವಯಂಸೇವಕರ ಸಭೆಯಲ್ಲಿ ಮಾರ್ಚ್ ತಿಂಗಳಲ್ಲಿ ಆಡಿದ ಮಾತುಗಳು. ಬರೆಯುವಾಗ ಅಲ್ಲಲ್ಲಿ ತಿದ್ದಿದ್ದೇನೆ.)

ಎಲ್ಲರಿಗೂ ನಮಸ್ಕಾರ. ನನ್ನನ್ನು ಪರಿಚಯಿಸಿದವರು ‘ಪರಿಸರ ಪ್ರೇಮಿ’ ಎಂದರು. ಅಷ್ಟು ದೊಡ್ಡ ಮಾತು ಬೇಡ. ನಾನು ಬ್ಯಾಂಕಿನಲ್ಲಿ ಮೂವತ್ತು ವರ್ಷ ಲೆಕ್ಕ ಬರೆದವನು. ನಿವೃತ್ತನಾದ ಮೇಲೆ ನಮ್ಮೂರ ಶಾಲೆಯಲ್ಲಿ ಗಿಡಗಳ ಲೆಕ್ಕ ಬರೆಯುತ್ತಿದ್ದೇನೆ. ಇವತ್ತು ನಿಮ್ಮ ಮುಂದೆ ಹೇಳುವುದೂ ಹೆಚ್ಚಾಗಿ ಲೆಕ್ಕವೇ. ಕವಿತೆ ಕೇಳಲು ಬಂದವರಿಗೆ ಬೇಸರವಾದೀತು.

ನಮ್ಮದು ಬಯಲುಸೀಮೆಯ ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆ. ಒಂದು ಎಕರೆ ಚಿಲ್ಲರೆ ಜಾಗ, ಗರಸು ನೆಲ, ನೂರ ಇಪ್ಪತ್ತು ಮಕ್ಕಳು. ಮೊದಲ ವರ್ಷ ವಿಶ್ವ ಪರಿಸರ ದಿನವಾದ ಜೂನ್ 5ರಂದು ನಾವು ಇನ್ನೂರು ಸಸಿ ನೆಟ್ಟೆವು. ಶಾಮಿಯಾನ ಹಾಕಿಸಿದೆವು, ಬ್ಯಾನರ್ ಕಟ್ಟಿದೆವು, ಬಂದವರಿಗೆಲ್ಲ ಉಪ್ಪಿಟ್ಟು, ಕೇಸರಿಬಾತು ಕೊಟ್ಟೆವು. ಗಣ್ಯರೊಬ್ಬರು ಸಸಿ ಹಿಡಿದ ಕೂಡಲೇ ಹದಿನಾಲ್ಕು ಮಂದಿ ಅದೇ ಸಸಿಗೆ ಕೈ ಹಚ್ಚಿದರು. ಆ ಫೋಟೋ ಈಗಲೂ ನನ್ನ ಬಳಿ ಇದೆ. ಅದರಲ್ಲಿ ಸಸಿ ಕಾಣುವುದಿಲ್ಲ, ಕೈಗಳೇ ಕಾಣುತ್ತವೆ. ಮರುವರ್ಷ ಶಾಲೆ ತೆರೆದ ದಿನ ಹೋಗಿ ಎಣಿಸಿದೆ. ಹನ್ನೊಂದು ಗಿಡ ಉಳಿದಿದ್ದವು. ಆ ಹನ್ನೊಂದರಲ್ಲಿ ಮೂರು ನಾವು ನೆಟ್ಟವಲ್ಲ, ಕಾಂಪೌಂಡಿನ ಮಗ್ಗುಲಲ್ಲಿ ತಾವಾಗಿಯೇ ಹುಟ್ಟಿದ ಬೇವು.

ಬ್ಯಾಂಕಿನಲ್ಲಿ ಇನ್ನೂರು ಸಾಲ ಕೊಟ್ಟು ಎಂಟು ವಸೂಲಾಗಿದ್ದರೆ ನನ್ನನ್ನು ಮನೆಗೆ ಕಳುಹಿಸುತ್ತಿದ್ದರು. ಶಾಲೆಯಲ್ಲಿ ಹಾಗಲ್ಲ. ಜೂನ್ ಹತ್ತಿರ ಬಂದಿತ್ತು, ಅವೇ ಗುಂಡಿಗಳಲ್ಲಿ ಮತ್ತೆ ಇನ್ನೂರು ನೆಡೋಣ ಎಂದು ನಮ್ಮವರೇ ಹುರುಪಿನಿಂದ ಹೇಳಿದರು. ಆಗ ನಾನು ಸ್ವಲ್ಪ ಜಗಳವಾಡಿದೆ.

ಮೊದಲು ಪಂಚಾಂಗದ ಮಾತು. ಜೂನ್ 5 ಬಂದದ್ದು 1972ರಲ್ಲಿ ಸ್ಟಾಕ್‌ಹೋಮ್‌ನಲ್ಲಿ ವಿಶ್ವಸಂಸ್ಥೆಯ ಪರಿಸರ ಸಮ್ಮೇಳನ ಆರಂಭವಾದ ದಿನದ ನೆನಪಿಗೆ. ಜುಲೈ ಮೊದಲ ವಾರದ ವನಮಹೋತ್ಸವವನ್ನು 1950ರಲ್ಲಿ ಶುರು ಮಾಡಿದವರು ಆಗಿನ ಕೇಂದ್ರ ಆಹಾರ ಮತ್ತು ಕೃಷಿ ಸಚಿವ ಕೆ.ಎಂ. ಮುನ್ಷಿ. ಎರಡೂ ಒಳ್ಳೆಯ ದಿನಗಳೇ. ಮಲೆನಾಡಿಗೂ ಕರಾವಳಿಗೂ ಹೇಳಿ ಮಾಡಿಸಿದ ಹಾಗಿವೆ. ಆದರೆ ನಮ್ಮ ತುಮಕೂರು, ಕೋಲಾರ, ಚಿತ್ರದುರ್ಗದ ಕಡೆ ಮಳೆ ಜೋರಾಗುವುದು ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ. ರೋಹಿಣಿಯಲ್ಲಿ ಎರಡು ಹದ ಮಳೆ ಬಂದು ಆಸೆ ತೋರಿಸುತ್ತದೆ, ಆಮೇಲೆ ಮೃಗಶಿರ, ಆರಿದ್ರೆ, ಪುನರ್ವಸು ಮೂರೂ ಬರೀ ಗಾಳಿ ಬೀಸಿ ಹೋಗುವ ವರ್ಷಗಳೇ ಹೆಚ್ಚು. ಆ ಒಣಗಾಳಿಯಲ್ಲಿ ಆಗತಾನೆ ನೆಟ್ಟ ಸಸಿ ಏನು ಮಾಡಬೇಕು? ಊರಿನ ರೈತರನ್ನು ಕೇಳಿದ್ದರೆ ಮೊದಲ ವರ್ಷವೇ ಹೇಳುತ್ತಿದ್ದರು. ನಾವು ಕೇಳಿದ್ದು ಶಾಮಿಯಾನದವನನ್ನು.

ಎರಡನೆಯ ವರ್ಷ ಜೂನ್‌ನಲ್ಲಿ ಗುಂಡಿ ಮಾತ್ರ ತೋಡಿದೆವು. ಕಾಲೇಜಿನ ಎನ್‌ಎಸ್‌ಎಸ್ ಹುಡುಗರು ಹಾರೆ, ಗುದ್ದಲಿ, ಮಂಕರಿ ಹಿಡಿದು ಬಂದು ಬೆವರು ಸುರಿಸಿದರು. ಎರಡು ಅಡಿ ಉದ್ದ, ಎರಡು ಅಡಿ ಅಗಲ, ಎರಡು ಅಡಿ ಆಳ. ಗರಸು ನೆಲದಲ್ಲಿ ಇಬ್ಬರು ಹುಡುಗರು ಬೆಳಗಿನಿಂದ ಮಧ್ಯಾಹ್ನದವರೆಗೆ ಅಗೆದರೂ ಎರಡು ಗುಂಡಿ ದಾಟುವುದಿಲ್ಲ. ಮುಗಿದ ಮೇಲೆ ಅವರ ನಾಯಕ “ಸಸಿ ಎಲ್ಲಿ ಸಾರ್?” ಎಂದು ಕೇಳಿದ. “ಸಸಿ ಇಲ್ಲಪ್ಪ, ಗುಂಡಿ ಅಷ್ಟೇ” ಎಂದೆ. ಅವನ ಮುಖ ಸಪ್ಪಗಾಯಿತು. ಖಾಲಿ ಗುಂಡಿಯ ಪಕ್ಕ ನಿಂತು ಫೋಟೋ ತೆಗೆಸಿಕೊಳ್ಳುವುದು ಯಾರಿಗೂ ಇಷ್ಟವಾಗುವುದಿಲ್ಲ, ನೋಡಿದವರು ಬೇರೆ ಏನೋ ತಿಳಿದುಕೊಳ್ಳುತ್ತಾರೆ. ಆ ಗುಂಡಿಗಳಿಗೆ ಮೇಲ್ಮಣ್ಣು, ಕೊಟ್ಟಿಗೆ ಗೊಬ್ಬರ, ಒಣ ಎಲೆ ತುಂಬಿ ಬಿಟ್ಟೆವು. ಮಘೆ ಮಳೆ ಬಂದು ಹೋಗಿ, ಹುಬ್ಬೆಯಲ್ಲಿ ನೆಲ ಚೆನ್ನಾಗಿ ನೆನೆದ ಮೇಲೆ ಸಸಿ ಇಟ್ಟೆವು.

ಎಷ್ಟು ಸಸಿ? ಜಗಳವಾಗಿದ್ದು ಇದಕ್ಕೇ. ನಾನು ನಲವತ್ತು ಎಂದೆ. ಇನ್ನೂರರಿಂದ ನಲವತ್ತಕ್ಕೆ ಇಳಿಯುವುದು ಅವಮಾನ ಎಂದು ಯುವಕರಿಗೆ ಅನ್ನಿಸಿತು. ಆಗ ನಾನು ಸಾಲುಮರದ ತಿಮ್ಮಕ್ಕನವರ ಹೆಸರು ತೆಗೆದೆ. 2025ರ ನವೆಂಬರ್‌ನಲ್ಲಿ ತೀರಿಕೊಂಡ ಆ ತಾಯಿಯ ಹೆಸರನ್ನು ಗಿಡ ನೆಡುವ ಪ್ರತಿ ವೇದಿಕೆಯ ಮೇಲೂ ಹೇಳುತ್ತಾರೆ, ಮಾಗಡಿ ತಾಲ್ಲೂಕಿನ ಹುಲಿಕಲ್ಲಿನಿಂದ ಕುದೂರಿನ ರಸ್ತೆಗೆ 385 ಆಲದ ಮರ ಎಂದು ಚಪ್ಪಾಳೆ ಹೊಡೆಯುತ್ತಾರೆ. ಆದರೆ ಅವರೂ ಗಂಡ ಚಿಕ್ಕಯ್ಯನವರೂ ಮೊದಲ ವರ್ಷ ನೆಟ್ಟದ್ದು ಹತ್ತು ಸಸಿ. ಮರುವರ್ಷ ಹದಿನೈದು, ಮೂರನೆಯ ವರ್ಷ ಇಪ್ಪತ್ತು. ಮಳೆಗಾಲ ನೋಡಿ ನೆಟ್ಟರು, ಬೇಸಿಗೆಯಲ್ಲಿ ಕಿಲೋಮೀಟರುಗಟ್ಟಲೆ ನೀರು ಹೊತ್ತರು, ದನ ತಿನ್ನದ ಹಾಗೆ ಮುಳ್ಳು ಕಟ್ಟಿದರು. ಕೂಲಿ ಮಾಡುತ್ತಿದ್ದ ಇಬ್ಬರು ತಮ್ಮ ನಾಲ್ಕು ಕೈಗಳಿಂದ ಎಷ್ಟು ಬಿಂದಿಗೆ ನೀರು ಹೊರಬಹುದೋ ಅಷ್ಟೇ ಸಸಿ ನೆಟ್ಟರು ಎಂದು ನಾನು ಅರ್ಥ ಮಾಡಿಕೊಂಡಿದ್ದೇನೆ. ನಮಗೆ 385 ಗೊತ್ತು, ಆ ಹತ್ತು ಗೊತ್ತಿಲ್ಲ.

ಹಾಗಾದರೆ ನಮ್ಮ ಶಾಲೆಗೆ ಎಷ್ಟು ನೀರಿದೆ? ಕುಡಿಯುವ ನೀರಿನ ಟ್ಯಾಂಕಿಗೆ ಕೈ ಹಾಕುವಂತಿಲ್ಲ. ಕೊಳವೆಬಾವಿ ಪಂಚಾಯಿತಿಯದು, ಅದಕ್ಕೂ ವಿದ್ಯುತ್ತಿಗೂ ಎಂದೂ ಮುಖಾಮುಖಿ ಇಲ್ಲ. ಒಂದು ಮಧ್ಯಾಹ್ನ ಸುಮ್ಮನೆ ಕಟ್ಟೆಯ ಮೇಲೆ ಕುಳಿತು ಮಕ್ಕಳ ಊಟ ನೋಡುತ್ತಿದ್ದೆ. ಬಿಸಿಯೂಟಕ್ಕೆ ಮುಂಚೆ ಕೈ ತೊಳೆಯುತ್ತಾರೆ, ಆಮೇಲೆ ತಟ್ಟೆ ತೊಳೆಯುತ್ತಾರೆ, ಬಾಯಿ ಮುಕ್ಕಳಿಸುತ್ತಾರೆ. ನೀರೆಲ್ಲ ನಲ್ಲಿಗಳ ಸಾಲಿನ ಕೆಳಗೆ ಹರಿದು ಕಾಂಪೌಂಡಿನ ಮೂಲೆಯಲ್ಲಿ ಕೊಚ್ಚೆಯಾಗಿ ನಿಂತು ಸೊಳ್ಳೆ ಸಾಕುತ್ತಿತ್ತು. ಮರುದಿನ ಚರಂಡಿಯ ಬಾಯಿಗೆ ಬಕೆಟ್ ಇಟ್ಟು ಅಳೆದೆ. ತಲೆಗೆ ಒಂದೂವರೆ ಲೀಟರ್ ಲೆಕ್ಕ ಬಂತು. ನೂರ ಇಪ್ಪತ್ತು ಮಕ್ಕಳಿಗೆ ದಿನಕ್ಕೆ 180 ಲೀಟರ್, ವಾರದ ಆರು ದಿನಕ್ಕೆ 1,080. ಎಳೆಯ ಸಸಿಗೆ ಬಿಸಿಲು ಕಾಲದಲ್ಲಿ ವಾರಕ್ಕೆರಡು ಸಲ ಹತ್ತು ಹತ್ತು ಲೀಟರ್ ಕೊಟ್ಟರೆ ನಮ್ಮ ನೆಲದಲ್ಲಿ ಬದುಕುತ್ತದೆ. ಅಲ್ಲಿಗೆ ಐವತ್ತನಾಲ್ಕು ಸಸಿ. ಕಾಲುವೆಯಲ್ಲಿ ಇಂಗುವುದು, ಚೆಲ್ಲುವುದು ಕಳೆದರೆ ನಲವತ್ತು. ನಲವತ್ತು ಎಂಬ ಸಂಖ್ಯೆ ಬಂದದ್ದು ಆ ಚರಂಡಿಯಿಂದ.

ಹೇಳುವಷ್ಟು ಸುಲಭವಾಗಿ ಅದು ನಡೆಯಲಿಲ್ಲ. ಮೊದಲ ವಾರವೇ ಕಾಲುವೆ ಕಟ್ಟಿಕೊಂಡಿತು. ಅನ್ನದ ಅಗುಳು, ಸಾಂಬಾರಿನ ಕರಿಬೇವು, ಜಗಿದು ಬಿಟ್ಟ ನುಗ್ಗೆಕಾಯಿ ಸಿಪ್ಪೆ. ಹುಳಿ ವಾಸನೆಗೆ ಇಲಿ ಬಂತು, ಇಲಿಯ ಹಿಂದೆ ಕೇರೆಹಾವು ಬಂತು, ಕೇರೆಹಾವಿನ ಹಿಂದೆ ಪೋಷಕರು ಬಂದರು. ಪರಿಹಾರ ಹೇಳಿದವರು ಬಿಸಿಯೂಟದ ಅಡುಗೆಯಕ್ಕ. ತಮ್ಮ ಮನೆಯ ಹಳೆಯ ಜರಡಿಯೊಂದನ್ನು ತಂದು ಕಾಲುವೆಯ ಬಾಯಿಗೆ ಸಿಕ್ಕಿಸಿದರು. ನಿಂತ ಅಗುಳನ್ನು ಸಂಜೆ ಬಳಿದು ಎದುರು ಅಂಗಡಿಯ ಅಜ್ಜಿಯ ಕೋಳಿಗಳಿಗೆ ಹಾಕಿದರು. ಪಾತ್ರೆ ತೊಳೆದ ಸೋಪಿನ ನೀರನ್ನು ಇದಕ್ಕೆ ಸೇರಿಸಬೇಡಿ ಎಂದೂ ಅವರೇ ಹೇಳಿದರು. ಅದು ಬೇರೆ ದಾರಿಯಲ್ಲಿ ಜಲ್ಲಿ ತುಂಬಿದ ಗುಂಡಿಗೆ ಹೋಗುತ್ತದೆ, ಅದರ ಸುತ್ತ ಹೂಬಾಳೆ ಬೆಳೆದಿದೆ. ಕಾಲುವೆಯ ಕೊನೆಯಲ್ಲಿ ಒಂದು ಡ್ರಮ್ ಹೂತಿದ್ದೇವೆ, ಮುಚ್ಚಳ ಹಾಕಿ ದಿನವೂ ಖಾಲಿ ಮಾಡುತ್ತೇವೆ. ಇಳಿಜಾರಿನ ಗಿಡಗಳಿಗೆ ನೀರು ತಾನಾಗಿ ಹೋಗುತ್ತದೆ, ಮೇಲಿನ ಗಿಡಗಳಿಗೆ ಡ್ರಮ್ಮಿನಿಂದ ಮೊಗೆದು ಹಾಕಬೇಕು. ಪ್ಲಾಸ್ಟಿಕ್ ಬಾಟಲಿಗೆ ತೂತು ಮಾಡಿ ತಲೆಕೆಳಗಾಗಿ ನೆಡುವ ಉಪಾಯವನ್ನೂ ನೋಡಿದೆವು. ತೂತು ವಾರದಲ್ಲಿ ಮಣ್ಣು ಕಟ್ಟುತ್ತದೆ, ಶಾಲೆಯ ಅಂಗಳ ಗುಜರಿ ಅಂಗಡಿಯಂತೆ ಕಾಣುತ್ತದೆ. ಅದರ ಬದಲು ಮೆರುಗಿಲ್ಲದ ಮಣ್ಣಿನ ಮಡಕೆಯನ್ನು ಕತ್ತಿನವರೆಗೆ ಹೂತು ನೀರು ತುಂಬಿಸಿ ಮುಚ್ಚಿಡಿ. ನೀರು ಒಸರುತ್ತಾ ಬೇರನ್ನು ತನ್ನ ಕಡೆ ಎಳೆದುಕೊಳ್ಳುತ್ತದೆ.

ಎಲ್ಲ ಸರಿ ಹೋಯಿತು ಅಂದುಕೊಂಡೆವು. ಏಪ್ರಿಲ್ ಬಂತು.

ಏಪ್ರಿಲ್ ಎರಡನೆಯ ವಾರದಿಂದ ಮೇ ಕೊನೆಯವರೆಗೆ ಬೇಸಿಗೆ ರಜೆ. ರಜೆ ಎಂದರೆ ಮಕ್ಕಳಿಲ್ಲ, ಮಕ್ಕಳಿಲ್ಲ ಎಂದರೆ ಊಟವಿಲ್ಲ, ಊಟವಿಲ್ಲ ಎಂದರೆ ತಟ್ಟೆ ತೊಳೆದ ನೀರೂ ಇಲ್ಲ. ಗಿಡಕ್ಕೆ ನೀರು ಅತಿ ಹೆಚ್ಚು ಬೇಕಾದ ಏಳು ವಾರವೇ ನಮ್ಮ ನಲ್ಲಿಗಳ ಸಾಲು ಒಣಗಿ ನಿಲ್ಲುತ್ತದೆ. ನಮ್ಮ ಲೆಕ್ಕದಲ್ಲಿ ಎಂಥ ತೂತು ನೋಡಿ! ಒಂದು ವಿಚಿತ್ರ ಹೇಳುತ್ತೇನೆ. 2023ರಲ್ಲಿ ಮಳೆ ಕೈಕೊಟ್ಟು ಬರ ಬಿತ್ತು. ಬರಪೀಡಿತ ತಾಲ್ಲೂಕುಗಳಲ್ಲಿ ಸರ್ಕಾರ 2024ರ ಬೇಸಿಗೆ ರಜೆಯಲ್ಲೂ ಬಿಸಿಯೂಟ ನಡೆಸಿತು. ಮಕ್ಕಳು ಬಂದರು, ಉಂಡರು, ತಟ್ಟೆ ತೊಳೆದರು. ಹೊಲದಲ್ಲಿ ಎಲ್ಲ ಸುಟ್ಟುಹೋದ ವರ್ಷವೇ ನಮ್ಮ ಶಾಲೆಯ ಗಿಡಗಳಿಗೆ ಬೇಸಿಗೆಯಲ್ಲಿ ನೀರು ಸಿಕ್ಕಿತು.

ಆದರೆ ಅದಕ್ಕೂ ಹಿಂದಿನ ಆ ಮೊದಲ ಏಪ್ರಿಲ್‌ನಲ್ಲಿ ನೀರಿಗಿಂತ ಮುಂಚೆ ಎದುರಾದ ತೊಡಕು ಬೇರೆ. ಗೇಟಿಗೆ ಬೀಗ. ನಾವು ಏಳು ಮಂದಿ ಸರದಿ ಪಟ್ಟಿ ಮಾಡಿಕೊಂಡು, ಟ್ಯಾಂಕರಿನವನಿಗೆ ಮುಂಗಡ ಕೊಟ್ಟು, ಬಕೆಟ್ ಹಿಡಿದು ಹೋಗಿ ನಿಂತರೆ ಬೀಗ! ಕೀಲಿ ಇದ್ದ ಶಿಕ್ಷಕರು ಮೂವತ್ತು ಕಿಲೋಮೀಟರ್ ದೂರದ ಪಟ್ಟಣದಲ್ಲಿ ಇದ್ದರು. ಅವರದೇನೂ ತಪ್ಪಿಲ್ಲ, ಶಾಲೆಯ ಕಂಪ್ಯೂಟರಿಗೂ ಅಕ್ಕಿಗೂ ಹೊಣೆ ಅವರದೇ, ಸಿಕ್ಕಸಿಕ್ಕವರಿಗೆ ಕೀಲಿ ಕೊಡಲು ಬರುತ್ತದೆಯೇ? ಅವರು ಬರುವವರೆಗೆ ನಾಲ್ಕು ದಿನ ಕಾಂಪೌಂಡಿನ ಹೊರಗಿನಿಂದ ಪೈಪಿನಲ್ಲಿ ನೀರು ಹಾರಿಸಿದೆವು. ಹತ್ತಿರದ ಗಿಡಗಳಿಗೆ ಸ್ನಾನವಾಯಿತು, ದೂರದವಕ್ಕೆ ದರ್ಶನವಾಯಿತು.

ಕೊನೆಗೆ ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸಭೆಯಲ್ಲಿ ತೀರ್ಮಾನವಾಯಿತು. ಗೇಟಿಗೆ ಬೇರೆ ಬೀಗ, ಕಟ್ಟಡಕ್ಕೆ ಬೇರೆ ಬೀಗ. ಗೇಟಿನ ಇನ್ನೊಂದು ಕೀಲಿ ಎದುರು ಅಂಗಡಿಯ ಅಜ್ಜಿಯ ಬಳಿ. ಶಾಲೆಯ ಮುಂದೆ ಮೂವತ್ತು ವರ್ಷದಿಂದ ನೆಲ್ಲಿಕಾಯಿ, ಕಡಲೆಮಿಠಾಯಿ ಮಾರುವವರು. ಮಕ್ಕಳಿಗೆ ಅಜ್ಜಿ, ನನ್ನ ವಯಸ್ಸಿಗೆ ಅಕ್ಕ. ಕೇಳಲು ಹೋದಾಗ ಅವರು ಎಲೆ ಅಡಿಕೆ ಹಾಕಿಕೊಳ್ಳುತ್ತಾ ಹೇಳಿದ್ದು ಇದು: “ಗಿಡ ನೆಡುವ ದಿನ ಇಷ್ಟು ಜನ ಸೇರಿದ್ದಿರಿ. ಎದುರಿಗೇ ಕುಳಿತಿದ್ದೆ. ಒಬ್ಬರೂ ಬಾ ಎನ್ನಲಿಲ್ಲ. ಈಗ ನೀರಿಗೆ ಮಾತ್ರ ನಾನು ಬೇಕಾದೆನಾ ಸ್ವಾಮಿ?”

ನನಗೆ ಉತ್ತರ ತೋಚಲಿಲ್ಲ. “ತಪ್ಪಾಯಿತಕ್ಕ” ಎಂದೆ. ಅವರು ಕೀಲಿ ತೆಗೆದುಕೊಂಡು ಸೊಂಟದ ಚೀಲಕ್ಕೆ ಹಾಕಿಕೊಂಡರು. ಕೂಲಿ ಬೇಡ, ಕರಿಬೇವು, ನುಗ್ಗೆಸೊಪ್ಪು ಮನೆಗೆ ಬೇಕಾದಷ್ಟು ಕಿತ್ತುಕೊಳ್ಳುತ್ತೇನೆ ಎಂದರು. ಇನ್ನೊಂದು ಷರತ್ತು: ಕೋಳಿಗಳನ್ನು ಒಳಗೆ ಬಿಡುತ್ತೇನೆ. ಕೋಳಿಗಳು ಪಾತಿ ಕೆದರಿ ಸೊಪ್ಪಿನ ಮಡಿಗಳನ್ನು ಹಾಳು ಮಾಡಿದವು, ಅದು ಬೇರೆ ಮಾತು. ಮಡಿಗಳಿಗೆ ಬಲೆ ಹಾಕಿದೆವು. ಅಜ್ಜಿಯನ್ನು ಬಿಟ್ಟುಕೊಡಲಿಲ್ಲ. ರಜೆಯಲ್ಲಿ ಮೇಕೆ ನುಗ್ಗಿದರೆ ಅವರ ಕೂಗು ಊರ ಮಾರಿಗುಡಿಯವರೆಗೆ ಕೇಳಿಸುತ್ತದೆ. ಸಾವಿರಾರು ರೂಪಾಯಿಯ ಕಬ್ಬಿಣದ ಟ್ರೀ ಗಾರ್ಡಿಗೆ ಆ ಗಂಟಲು ಇಲ್ಲ.

ಇನ್ನು ಮಕ್ಕಳ ವಿಷಯ. ಇಲ್ಲಿ ನಾವು ಮಾಡಿದ ತಪ್ಪಿನ ಬಗ್ಗೆ ಹೇಳಲು ಸ್ವಲ್ಪ ನಾಚಿಕೆಯಾಗುತ್ತದೆ. ಬೆಳಿಗ್ಗೆ ತಡವಾಗಿ ಬಂದವರು, ಮಗ್ಗಿ ಒಪ್ಪಿಸದವರು ಗಿಡಗಳಿಗೆ ಹತ್ತು ಬಕೆಟ್ ನೀರು ಹಾಕಬೇಕು ಎಂದು ಯಾರೋ ನಿಯಮ ಮಾಡಿದರು. ಗಿಡಗಳಿಗೆ ನೀರು ಸಿಗುತ್ತಿದೆಯಲ್ಲ ಎಂದು ನಾವು ಸುಮ್ಮನಿದ್ದೆವು. ಎರಡು ತಿಂಗಳಲ್ಲಿ ಇಡೀ ಶಾಲೆಗೆ ಗಿಡ ಎಂದರೆ ಶಿಕ್ಷೆ ಎಂದಾಯಿತು. ಬಕೆಟ್ ಹಿಡಿದವನನ್ನು ಉಳಿದವರು ಅಣಕಿಸುತ್ತಿದ್ದರು. ಮಗ್ಗಿ ಒಪ್ಪಿಸದ ಸಿಟ್ಟನ್ನು ಹುಡುಗನೊಬ್ಬ ನೇರಳೆ ಸಸಿಯ ಕುಡಿ ಮುರಿದು ತೀರಿಸಿಕೊಂಡ. ಅವನನ್ನು ಬೈಯಲು ನನಗೆ ಬಾಯಿ ಬರಲಿಲ್ಲ.

ಇನ್ನೊಂದು ಇದಕ್ಕಿಂತ ಸೂಕ್ಷ್ಮ. ಹೆಣ್ಣುಮಕ್ಕಳಿಗೆ ಯಾವಾಗಲೂ ಕಸ ಗುಡಿಸುವ ಕೆಲಸ, ಗಂಡುಮಕ್ಕಳಿಗೆ ಪೈಪ್ ಹಿಡಿಯುವ ಕೆಲಸ ಬರುತ್ತಿತ್ತು. ಗೊಬ್ಬರ ಹೊರಲು ಕರೆಯುತ್ತಿದ್ದ ಮಕ್ಕಳು ಯಾವ ಕೇರಿಯವರು ಎಂಬುದನ್ನು ನಾನು ಇಲ್ಲಿ ಬಿಡಿಸಿ ಹೇಳಬೇಕಾಗಿಲ್ಲ, ನಿಮ್ಮ ಊರುಗಳಲ್ಲೂ ನೋಡಿದ್ದೀರಿ. ಒಬ್ಬ ತಾಯಿ ಬಂದು ಕೇಳಿದ ಮೇಲೆ ನಮಗೆ ಕಣ್ಣು ತೆರೆಯಿತು. ಆಮೇಲೆ ಚೀಟಿ ಎತ್ತುವ ಪದ್ಧತಿ ಮಾಡಿದೆವು. ಡಬ್ಬಿಯಲ್ಲಿ ಮಕ್ಕಳ ಹೆಸರಿನ ಜೊತೆಗೆ ಶಿಕ್ಷಕರ ಹೆಸರು, ನಮ್ಮ ಏಳು ಮಂದಿಯ ಹೆಸರೂ ಇರುತ್ತವೆ. ಮುಖ್ಯ ಶಿಕ್ಷಕರಿಗೆ ಗೊಬ್ಬರದ ಮಂಕರಿ ಬಂದ ದಿನ ಮಕ್ಕಳ ಕೇಕೆ ಕೇಳಬೇಕಿತ್ತು. ಅವರು ಪಂಚೆ ಎತ್ತಿ ಕಟ್ಟಿ ಹೊತ್ತರು. ಅಂದಿನಿಂದ ಡಬ್ಬಿಯ ಮಾತಿಗೆ ಯಾರೂ ಎದುರಾಡಿಲ್ಲ.

ಮಕ್ಕಳು ಗಿಡದ ಹತ್ತಿರ ತಾವಾಗಿ ಬಂದದ್ದು ಮಾತ್ರ ಒಂದು ಹುಳುವಿನಿಂದ. ಕರಿಬೇವಿನ ಎಲೆಗಳ ಮೇಲೆ ಹಕ್ಕಿಯ ಹಿಕ್ಕೆಯಂತೆ ಏನೋ ಅಂಟಿತ್ತು. ಒರೆಸಲು ಹೋದ ಐದನೆಯ ತರಗತಿಯ ಹುಡುಗಿ “ಸಾರ್, ಹಿಕ್ಕೆ ನಡೆಯುತ್ತಿದೆ!” ಎಂದು ಕಿರುಚಿದಳು. ಕೆಲವು ದಿನಗಳಲ್ಲಿ ಅದು ಎಲೆಯ ಹಸಿರಿಗೆ ತಿರುಗಿ ದಪ್ಪವಾಯಿತು. ಮುಟ್ಟಿದರೆ ತಲೆಯ ಹಿಂದಿನಿಂದ ಕೆಂಪು ಕೋಡು ಚಾಚಿ ಘಾಟು ಬಿಡುತ್ತಿತ್ತು. ಅಡುಗೆಯಕ್ಕ ಔಷಧಿ ಹೊಡೆಯಿರಿ, ಒಗ್ಗರಣೆಗೆ ಎಲೆಯೇ ಇಲ್ಲ ಎಂದು ಗೊಣಗಿದರು. ಹುಡುಗಿ ಬಿಡಲಿಲ್ಲ. ದಿನಾ ಮೂರು ಸಲ ಹೋಗಿ ನೋಡಿ ಬರುತ್ತಿದ್ದಳು. ಕಡ್ಡಿಗೆ ದಾರ ಕಟ್ಟಿ ಒರಗಿದಂತೆ ಕೋಶ ಕಟ್ಟಿತು. ಒಂದು ಬೆಳಿಗ್ಗೆ ಪ್ರಾರ್ಥನೆಯ ಹೊತ್ತಿಗೆ ಕಪ್ಪು ಚಿಟ್ಟೆ ಹೊರಬಂದು ರೆಕ್ಕೆ ಒಣಗಿಸುತ್ತಾ ಕುಳಿತಿತ್ತು, ಹಿಂದಿನ ರೆಕ್ಕೆಯಲ್ಲಿ ಬಿಳಿ ಚುಕ್ಕೆಗಳ ಸಾಲು. ಅವತ್ತು ನಾಡಗೀತೆಯನ್ನು ಅರ್ಧ ಮಕ್ಕಳು ಧ್ವಜದ ಕಡೆ ನೋಡಿ ಹಾಡಲಿಲ್ಲ. ಈಗ ಕರಿಬೇವಿನ ಎರಡು ಗಿಡ ಅಡುಗೆಗೆ, ಒಂದು ಚಿಟ್ಟೆಗೆ ಎಂದು ಪಾಲಾಗಿದೆ. ಬೇಲಿಯಂಚಿನ ಎಕ್ಕದ ಗಿಡವನ್ನೂ ಕಡಿಯಲು ಅವರು ಬಿಡುವುದಿಲ್ಲ, ಅದರ ಹುಳು ಬೇರೆ, ಚಿಟ್ಟೆ ಬೇರೆ.

ಏನು ನೆಡಬೇಕು ಎಂದು ಎಲ್ಲರೂ ಕೇಳುತ್ತಾರೆ. ಹೊಂಗೆ, ಬೇವು, ನೇರಳೆ, ನುಗ್ಗೆ, ಕರಿಬೇವು, ಸೀತಾಫಲ, ನೆಲ್ಲಿ. ನಿಮ್ಮ ಊರಲ್ಲಿ ಯಾರೂ ನೀರು ಹಾಕದೆ ಬೆಳೆದು ನಿಂತದ್ದು ಯಾವುದೋ ಅದು. ನರ್ಸರಿಯಲ್ಲಿ ಎತ್ತರದ ಸಸಿಗೆ ಮರುಳಾಗಬೇಡಿ. ಸಣ್ಣ ಚೀಲದಲ್ಲಿ ನಾಲ್ಕು ಅಡಿ ಬೆಳೆದಿದ್ದರೆ ಬೇರು ತಳದಲ್ಲಿ ಸಿಂಬಿಯಂತೆ ಸುತ್ತಿಕೊಂಡಿರುತ್ತದೆ. ಮೊಣಕಾಲೆತ್ತರದ, ಕಾಂಡ ಗಟ್ಟಿಯಿರುವ ಸಸಿ ಆರಿಸಿ, ಚೀಲವನ್ನು ಬ್ಲೇಡಿನಿಂದ ಪೂರ್ತಿ ಸೀಳಿ ತೆಗೆದು, ಸುತ್ತಿದ ಬೇರನ್ನು ಕತ್ತರಿಸಿ ನೆಡಿ. ಸತ್ತ ಸಸಿಗಳನ್ನು ನಾನು ಕಿತ್ತು ನೋಡಿದಾಗ ಎಷ್ಟೋ ಗುಂಡಿಗಳಲ್ಲಿ ಪ್ಲಾಸ್ಟಿಕ್ ಚೀಲ ಹಾಗೇ ಇತ್ತು.

ಏನು ನೆಡಬಾರದು ಎಂಬುದನ್ನು ಯಾರೂ ಕೇಳುವುದಿಲ್ಲ, ಆದ್ದರಿಂದ ನಾನೇ ಹೇಳುತ್ತೇನೆ. ಜೈವಿಕ ಇಂಧನದ ಉತ್ಸಾಹದ ಕಾಲದಲ್ಲಿ ಎಷ್ಟೋ ಕಡೆ ಬೇಲಿಗೆ ಜಟ್ರೋಫಾ, ಅಂದರೆ ಕಾಡು ಹರಳು ಹಾಕಿದರು. ಅದರ ಬೀಜ ಬಾದಾಮಿಯ ರುಚಿಯೆಂದು ಮಕ್ಕಳು ತಿಂದು ವಾಂತಿ ಭೇದಿಯಿಂದ ಆಸ್ಪತ್ರೆ ಸೇರಿದ ಸುದ್ದಿ ಪತ್ರಿಕೆಗಳಲ್ಲಿ ಆಗಾಗ ಬರುತ್ತದೆ. ಕಣಗಿಲೆಯೂ ವಿಷವೇ, ಹೂವು ಎಷ್ಟೇ ಚೆಂದವಿರಲಿ. ತೆಂಗನ್ನು ಮಕ್ಕಳು ಆಡುವ ಕಡೆ ಬೇಡ. ಆಲ, ಅರಳಿ ಗೋಡೆಯ ಹತ್ತಿರ ಬೇಡ. ವಿದ್ಯುತ್ ತಂತಿಯ ಕೆಳಗೆ ಏನೂ ಬೇಡ. ಈಗ ತಪ್ಪು ಜಾಗದಲ್ಲಿ ನೆಟ್ಟು ಇಪ್ಪತ್ತು ವರ್ಷದ ಮೇಲೆ ಕಡಿಯೋಣ ಎಂದರೆ 1976ರ ಮರ ಸಂರಕ್ಷಣಾ ಕಾಯ್ದೆಯಡಿ ಅರಣ್ಯ ಇಲಾಖೆಯ ಅನುಮತಿಗೆ ಅಲೆಯಬೇಕು. ಹಾಗೆ ಅಲೆಯಬೇಕಾಗಿರುವುದೂ ಸರಿಯೇ.

ಎಲ್ಲಕ್ಕಿಂತ ಮುಖ್ಯವಾಗಿ, ಆಟದ ಬಯಲಿಗೆ ಕೈ ಹಾಕಬೇಡಿ. ನಾವು ಮೊದಲ ವರ್ಷ ಖೊಖೊ ಅಂಕಣದ ನಡುವೆಯೇ ಎರಡು ಸಾಲು ನೆಟ್ಟಿದ್ದೆವು. ಅವು ಒಂದೂ ಬದುಕಲಿಲ್ಲ. ಯಾರು ಕಿತ್ತರೆಂದು ನಾನು ವಿಚಾರಿಸಲಿಲ್ಲ, ಕಿತ್ತವರು ನ್ಯಾಯವಂತರು.

ಈಗ ನಮ್ಮ ಲೆಕ್ಕ. ಇನ್ನೂರರ ಕಾಲದ ಹನ್ನೊಂದು, ಆಮೇಲಿನ ವರ್ಷಗಳಲ್ಲಿ ನೆಟ್ಟು ಉಳಿದದ್ದು ಐವತ್ತೆರಡು, ಒಟ್ಟು ಅರವತ್ತಮೂರು. ನಾನು ಇದನ್ನು ಜೂನ್‌ನಲ್ಲಿ ಬರೆಯುವುದಿಲ್ಲ. ಮೇ ಕೊನೆಯ ವಾರ, ಶಾಲೆ ತೆರೆಯುವ ಮುಂಚೆ, ಅಂಗಳ ಸುತ್ತಿ ಬರೆಯುತ್ತೇನೆ. ಈ ಸಲ ರಜೆಯ ಚೀಟಿ ಎತ್ತಿ ಆಗಿದೆ. ಮೊದಲ ವಾರವೇ ನನ್ನ ಪಾಲಿಗೆ ಬಂದಿದೆ.

ಮಾತು ಮುಗಿಸಿದಾಗ ಹಿಂದಿನ ಸಾಲಿನ ಯುವಕರೊಬ್ಬರು ಎದ್ದು ಕೇಳಿದರು: “ಸಾರ್, ನಮ್ಮ ಸಂಘದಿಂದ ಐನೂರು ಸಸಿ ಕೊಡಿಸುತ್ತೇವೆ. ಸಸಿ ಎಲ್ಲಿ ಕಡಿಮೆ ಬೆಲೆಗೆ ಸಿಗುತ್ತವೆ?”

“ಅರಣ್ಯ ಇಲಾಖೆಯ ಸಸ್ಯಕ್ಷೇತ್ರದಲ್ಲಿ ಸಿಗುತ್ತವೆ. ಅದು ಸುಲಭ. ನಿಮ್ಮ ಶಾಲೆಯ ಗೇಟಿನ ಕೀಲಿ ಯಾರ ಬಳಿ ಇದೆ?”

ಅವರು ಮೊಬೈಲ್ ಹಿಡಿದು ಹೊರಗೆ ಹೋದರು. ಟೀ ಕೊಡುವ ಹೊತ್ತಿಗೆ ಹಿಂದಿರುಗಿ ಬಂದು ನನ್ನ ಪಕ್ಕದಲ್ಲಿ ನಿಂತರು. “ಎರಡು ಇದ್ದವಂತೆ ಸಾರ್. ಒಂದು ಮೇಷ್ಟ್ರ ಬಳಿ ಇದೆ. ಇನ್ನೊಂದು ಹೋದ ವರ್ಷದ ಜೂನ್ 5ರ ಗದ್ದಲದಲ್ಲಿ ಕಳೆದುಹೋಗಿದೆಯಂತೆ.”